ಜಗಲಿಯ ತಾಳಮದ್ದಲೆ, ಬಯಲಿನ ಆಟ: ಸಣ್ಣ ರೆಕಾರ್ಡರಿನಲ್ಲಿ ಚೊಕ್ಕ ಧ್ವನಿ

(ಸಾಗರದಲ್ಲಿ, ಯಕ್ಷಗಾನ ಮತ್ತು ಗಮಕದ ಧ್ವನಿಮುದ್ರಣ ಮಾಡುವ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಜಡಿಮಳೆ, ತಲೆಯ ಮೇಲೆ ತಗಡಿನ ಮಾಡು. ಕೊನೆಯ ಸಾಲಿನವರಿಗೆ ನನ್ನ ಮಾತು ಕೇಳುತ್ತಿಲ್ಲ ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತದೆ. ದಯವಿಟ್ಟು ಎದ್ದು ಈ ಮುಂದಿನ ಖಾಲಿ ಕುರ್ಚಿಗಳಿಗೆ ಬನ್ನಿ. ಹಾಂ, ಈಗ ಕೇಳಿಸಿತಲ್ಲ? ನಾನು ದನಿ ಏರಿಸಿಲ್ಲ, ಮಳೆಯೂ ಕಡಿಮೆಯಾಗಿಲ್ಲ. ನೀವು ಇಪ್ಪತ್ತು ಅಡಿಯಿಂದ ಐದು ಅಡಿಗೆ ಬಂದಿರಿ, ಅಷ್ಟೇ. ಇವತ್ತು ನಾನು ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇದೇ. ಯಾವ ರೆಕಾರ್ಡರ್ ಕೊಳ್ಳಬೇಕು ಎಂದು ತಿಂಗಳುಗಟ್ಟಲೆ ವಿಚಾರಿಸುವವರು, ಕೊಂಡದ್ದನ್ನು ಎಲ್ಲಿ ಇಡಬೇಕು ಎಂದು ಐದು ನಿಮಿಷವೂ ಯೋಚಿಸುವುದಿಲ್ಲ.

ಲೆಕ್ಕ ಸರಳ. ಅಡ್ಡಗೋಡೆಗಳ ಪ್ರತಿಧ್ವನಿ ಇಲ್ಲದ ಕಡೆ, ಮೈಕಿಗೂ ಹಾಡುವವರಿಗೂ ನಡುವಿನ ದೂರ ಅರ್ಧವಾದರೆ ಅವರ ದನಿ 6 ಡೆಸಿಬಲ್ ಏರುತ್ತದೆ. ಮಳೆಯ ಸದ್ದು, ಜೀರುಂಡೆಯ ಸದ್ದು ನಾಲ್ಕೂ ಕಡೆಯಿಂದ ಬರುವಂಥವು; ಮೈಕನ್ನು ಎಲ್ಲಿಟ್ಟರೂ ಅವು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಎಂಟು ಅಡಿಯಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಬಂದರೆ ಮಳೆಯ ಎದುರು 12 ಡೆಸಿಬಲ್ ಲಾಭ. ಇಷ್ಟನ್ನು ಯಾವ ಸಾಫ್ಟ್‌ವೇರೂ ದನಿ ಕೆಡಿಸದೆ ಕೊಡಲಾರದು. ಮಳೆಯ ಸದ್ದು ಹರಡಿಕೊಂಡಿರುವುದು ನಮ್ಮ ಸ, ಶ, ತ, ಚ ಅಕ್ಷರಗಳಿರುವ ಜಾಗದಲ್ಲೇ. ಮಳೆ ಒರೆಸಲು ಹೋದರೆ ವ್ಯಂಜನಗಳೂ ಅದರ ಜೊತೆಗೇ ಹೋಗುತ್ತವೆ. ಅರ್ಥಗಾರಿಕೆಯಲ್ಲಿ ವ್ಯಂಜನ ಹೋದರೆ ಉಳಿಯುವುದೇನು?

ಮೊದಲು ಜಗಲಿಯ ತಾಳಮದ್ದಲೆ ತೆಗೆದುಕೊಳ್ಳೋಣ. ನಮ್ಮ ಸೀಮೆಯಲ್ಲಿ ಮಳೆಗಾಲವೇ ಅದಕ್ಕೆ ಕಾಲ. ಮೈಕ್‌ಸೆಟ್ ಇಲ್ಲದ ಮನೆ ಕೂಟ ಎಂದಿಟ್ಟುಕೊಳ್ಳಿ. ನಡುವೆ ಭಾಗವತರು, ಪಕ್ಕದಲ್ಲಿ ಮದ್ದಲೆ, ಚಂಡೆ, ಅರ್ಥಧಾರಿಗಳು ಎದುರುಬದುರು. ಇಲ್ಲಿ ಶತ್ರು ಮಳೆಯೊಂದೇ ಅಲ್ಲ, ಚಂಡೆಯೂ ಹೌದು. ಹತ್ತಿಪ್ಪತ್ತು ಅಡಿಯ ಜಗಲಿಯಲ್ಲಿ ಚಂಡೆಗೆ ಯಾವ ಮೈಕೂ ಬೇಡ, ಅದು ಎಲ್ಲ ಮೈಕಿನೊಳಗೂ ತಾನೇ ನುಗ್ಗುತ್ತದೆ. ಆದ್ದರಿಂದ ರೆಕಾರ್ಡರನ್ನು ಭಾಗವತರಿಂದ ಮೂರು ಅಡಿ, ಚಂಡೆಯಿಂದ ಒಂಬತ್ತು ಅಡಿ ಆಗುವ ಹಾಗೆ ಒಂದು ಪಕ್ಕಕ್ಕೆ ಸರಿಸಿ ನಿಲ್ಲಿಸಿ. ಮೂರು ಪಟ್ಟು ದೂರವೆಂದರೆ ಚಂಡೆ ಒಂಬತ್ತೂವರೆ ಡೆಸಿಬಲ್ ಇಳಿದ ಹಾಗೆ. ನಟ್ಟನಡುವೆ ಚೆಂದಕ್ಕೆ ಇಟ್ಟರೆ ಈ ಲಾಭ ತಪ್ಪುತ್ತದೆ.

ಸಣ್ಣ ರೆಕಾರ್ಡರುಗಳ ನೆತ್ತಿಯ ಮೇಲಿರುವ ಎರಡು ಮೈಕುಗಳು ಸಾಮಾನ್ಯವಾಗಿ ಎಕ್ಸ್-ವೈ ಜೋಡಣೆಯವು. ಒಂದು ಬಲಕ್ಕೆ, ಒಂದು ಎಡಕ್ಕೆ, ನಡುವೆ 90 ಡಿಗ್ರಿ. ಒಂದೊಂದೂ ಕಾರ್ಡಿಯಾಯ್ಡ್, ಅಂದರೆ ಎದುರಿನದು ಚೆನ್ನಾಗಿ ಕೇಳುತ್ತದೆ, ಪಕ್ಕದ್ದು 6 ಡೆಸಿಬಲ್ ಕಡಿಮೆ, ಬೆನ್ನ ಹಿಂದಿನದು ಅತಿ ಕಡಿಮೆ. ಈ ಬೆನ್ನನ್ನು ಬಳಸಿಕೊಳ್ಳುವುದು ಕಲಿಯಿರಿ. ಮಾಡಿನ ನೀರು ಅಂಗಳದ ಕಲ್ಲಿಗೆ ಬೀಳುವ ಕಡೆಗೆ, ಜನರೇಟರ್ ಇರುವ ಕಡೆಗೆ, ಸ್ಟ್ಯಾಂಡ್ ಫ್ಯಾನಿನ ಕಡೆಗೆ ರೆಕಾರ್ಡರಿನ ಬೆನ್ನು ಇರಲಿ. ಫ್ಯಾನಿನ ಗಾಳಿ ಮಾತ್ರ ನೇರ ಹೊಡೆಯಕೂಡದು. ಅದು ಸದ್ದಲ್ಲ, ಮೈಕಿನ ಪೊರೆಯನ್ನೇ ತಳ್ಳುವ ಒತ್ತಡ, ಅದಕ್ಕೆ ಹಿಂದು ಮುಂದು ಇಲ್ಲ.

ಎತ್ತರ: ಕುಳಿತವರ ಬಾಯಿಗಿಂತ ಒಂದು ಅಡಿ ಮೇಲೆ, ಕೆಳಮುಖವಾಗಿ ಸ್ವಲ್ಪ ಬಾಗಿಸಿ. ನೆಲದ ಮೇಲೆ, ಸ್ಟೀಲ್ ತಟ್ಟೆಯ ಪಕ್ಕ, ತಾಂಬೂಲದ ಹರಿವಾಣದ ಹತ್ತಿರ ಇಟ್ಟರೆ ಅರ್ಥಕ್ಕಿಂತ ಅಡಕತ್ತರಿಯೇ ಸ್ಪಷ್ಟವಾಗಿ ಕೇಳುತ್ತದೆ. ರೆಕಾರ್ಡರ್ ಮೇಜಿನ ಮೇಲಿದ್ದು, ಮಾತಿನ ಭರದಲ್ಲಿ ಯಾರಾದರೂ ಮೇಜು ಗುದ್ದಿದರೆ ಆ ಗುದ್ದು ಮರದ ಮೂಲಕ ನೇರ ಮೈಕಿಗೆ ಬರುತ್ತದೆ. ಬೇರೆ ಸ್ಟ್ಯಾಂಡ್ ಬೇಕು. ಅದರ ಕಾಲಡಿ ನಾಲ್ಕು ಮಡಿಕೆಯ ಕಂಬಳಿ ಹಾಸಿದರೆ ನೆಲದ ಅದುರು ಬಹುಪಾಲು ಅಲ್ಲೇ ನಿಲ್ಲುತ್ತದೆ. ಎತ್ತರದ ಸ್ಟ್ಯಾಂಡ್ ಇಲ್ಲದಿದ್ದರೆ ಹಳೆಯ ಬಿದಿರಿನ ದೋಟಿಯ ಎಂಟು ಅಡಿ ತುಂಡು ಸಾಕು, ಕಿಟಕಿಯ ಸರಳಿಗೆ ಕಟ್ಟಿ ತುದಿಗೆ ರೆಕಾರ್ಡರ್ ಬಿಗಿಯಿರಿ. ಈಗಿನ ಕಾರ್ಬನ್ ಫೈಬರ್ ದೋಟಿ ಮಾತ್ರ ಬೇಡ, ಕರೆಂಟಿನ ತಂತಿ ತಾಗಿದರೆ ಅದರಲ್ಲಿ ಕರೆಂಟು ಹರಿಯುತ್ತದೆ.

ಇನ್ನು ಗೇನ್. ಅಂದರೆ ಮೈಕಿನಿಂದ ಬಂದ ಸಣ್ಣ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಎಂಬುದು. ಮೊದಲ ಕೆಲಸ, ಆಟೋ ಲೆವೆಲ್ ಬಂದ್ ಮಾಡುವುದು. ಅದು ಚಾಲೂ ಇದ್ದರೆ ಚಂಡೆ ಬಿದ್ದಾಗ ದನಿ ಕುಗ್ಗಿಸುತ್ತದೆ, ಅರ್ಥಧಾರಿ ಉಸಿರೆಳೆದು ನಿಂತ ಆ ಎರಡು ಸೆಕೆಂಡಿನಲ್ಲಿ ಮಳೆಯನ್ನು ಎತ್ತಿ ತೋರಿಸುತ್ತದೆ. ಇಡೀ ಕೂಟ ಏದುಸಿರು ಬಿಟ್ಟ ಹಾಗೆ ಕೇಳುತ್ತದೆ. ರೆಕಾರ್ಡಿಂಗಿನ ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಡಿ. ಆಮೇಲೆ ಚಂಡೆಯವರಲ್ಲಿ ಒಂದು ಜೋರು ನುಡಿತ ಕೇಳಿ, ಮೀಟರಿನ ತುದಿ −18 ಡೆಸಿಬಲ್ಲಿಗೆ ನಿಲ್ಲುವಂತೆ ಗೇನ್ ಹೊಂದಿಸಿ. −12 ಇರಬೇಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಸಂಗ ಯುದ್ಧಕ್ಕೆ ಬಂದಾಗ ಅದೇ ಚಂಡೆ, ಅದೇ ಕೈ, 6 ಡೆಸಿಬಲ್ ಹೆಚ್ಚು ಬರುತ್ತದೆ. ಪರೀಕ್ಷೆಗೆಂದು ನುಡಿಸುವಾಗ ಯಾರೂ ಪೂರ್ತಿ ಕೈ ಬಿಡುವುದಿಲ್ಲ. ತಗ್ಗಿಸಿ ಹಿಡಿದದ್ದನ್ನು 24 ಬಿಟ್ಟಿನಲ್ಲಿ ಆಮೇಲೆ ಎತ್ತಬಹುದು, ಮೀಟರಿನ ಮಿತಿಯಾದ ಶೂನ್ಯ ದಾಟಿ ಕತ್ತರಿಸಿಹೋದದ್ದು ಹೋದ ಹಾಗೆಯೇ.

ಇಲ್ಲೊಂದು ಸೂಕ್ಷ್ಮ ಇದೆ. ಮೀಟರ್ −6 ಮೀರಿಲ್ಲ, ಆದರೂ ದನಿ ಒಡೆದಿದೆ. ಫೈಲನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು ಅಲೆಯನ್ನು ಹಿಗ್ಗಿಸಿ ನೋಡಿ: ಅಲೆಗಳ ತಲೆ ಶೂನ್ಯ ಮುಟ್ಟುವ ಮೊದಲೇ ಒಂದೇ ಎತ್ತರದಲ್ಲಿ, ಕುಡಗೋಲಿನಲ್ಲಿ ಹುಲ್ಲು ಸವರಿದ ಹಾಗೆ ಚಪ್ಪಟೆಯಾಗಿರುತ್ತವೆ. ಅಂದರೆ ಸಿಗ್ನಲ್ ಮೀಟರಿಗೆ ಬರುವ ಮೊದಲೇ, ಮೈಕಿನಲ್ಲೋ ಅದರ ಬೆನ್ನಿಗಿರುವ ಪ್ರಿಆಂಪಿನಲ್ಲೋ (ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಭಾಗ) ಸಾಯುತ್ತಿದೆ. ಕೆಲವು ರೆಕಾರ್ಡರುಗಳ ಲೆವೆಲ್ ಬಟನ್ ಪ್ರಿಆಂಪ್ ದಾಟಿದ ಮೇಲಿನ ಸಂಖ್ಯೆಯನ್ನಷ್ಟೇ ಇಳಿಸುತ್ತದೆ; ಅಂಥದ್ದರಲ್ಲಿ ಹೈ-ಲೋ ಎಂಬ ಬೇರೆ ಸ್ವಿಚ್ ಇದ್ದರೆ ಲೋಗೆ ಹಾಕಿ. ಇಲ್ಲದಿದ್ದರೆ ದೂರ ಸರಿಯುವುದೊಂದೇ ದಾರಿ.

ಲೋ-ಕಟ್ ಬಗ್ಗೆ ಒಂದು ಮಾತು. 80 ಹರ್ಟ್ಸ್‌ನ ಕೆಳಗಿನದನ್ನು ತೆಗೆದರೆ ಗಾಳಿ, ಹೆಜ್ಜೆಯ ಅದುರು ತಗ್ಗುತ್ತದೆ. ಅರ್ಥಕ್ಕೆ, ಭಾಗವತಿಕೆಗೆ ಇದರಿಂದ ನಷ್ಟವಿಲ್ಲ. ಡೊಳ್ಳಿಗೆ ಹಾಕಿದರೆ ಡೊಳ್ಳು ಡಬ್ಬಿಯಾಗುತ್ತದೆ. ಸಂಗೀತ ಕಛೇರಿಯಲ್ಲೂ ಬೇಡ: ಕಪ್ಪು ಒಂದು ಶ್ರುತಿಯ ಗಾಯಕರ ತಂಬೂರಿಯಲ್ಲಿ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್. ಬೇಕಾದರೆ ಆಮೇಲೆ ಕತ್ತರಿಸಬಹುದು, ಈಗಲೇ ಏಕೆ?

ಗಮಕ ಇವೆಲ್ಲಕ್ಕಿಂತ ಸುಲಭ, ಆದ್ದರಿಂದಲೇ ಅಲಕ್ಷ್ಯ. ತುಂಗೆಯ ದಡದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದ ಮೇಲೆ ಗಮಕದ ರೆಕಾರ್ಡಿಂಗ್ ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ವಾಚನಕ್ಕೊಂದು, ವ್ಯಾಖ್ಯಾನಕ್ಕೊಂದು ಮೈಕು. ಮೈಕಿನಿಂದ ವಾಚಕರಿಗೆ ಒಂದು ಅಡಿ ಇದ್ದರೆ ಎರಡು ಮೈಕುಗಳ ನಡುವೆ ಮೂರು ಅಡಿಗೆ ಕಡಿಮೆ ಇರಬಾರದು. ಹತ್ತಿರವಾದರೆ ಒಬ್ಬರ ದನಿ ಎರಡೂ ಮೈಕಿಗೆ ಕೊಂಚ ಹಿಂದುಮುಂದಾಗಿ ಸೇರಿ, ಕೆಲವು ಸ್ವರ ಉಬ್ಬಿ ಕೆಲವು ಅಡಗಿ, ಕೊಳವೆಯೊಳಗಿಂದ ಓದಿದಂತಾಗುತ್ತದೆ. ಶ್ರುತಿ ಪೆಟ್ಟಿಗೆಯ ಪುಟ್ಟ ಸ್ಪೀಕರನ್ನು ಮೈಕಿನ ಬೆನ್ನ ಕಡೆ ಇಡಿ.

ಈಗ ಮೈಕ್‌ಸೆಟ್ ಇರುವ ಆಟ. ಬಯಲಾಟದಲ್ಲಿ ಹೆಚ್ಚಿನವರು ಮಾಡುವ ತಪ್ಪು, ಸ್ಪೀಕರ್ ಬಾಕ್ಸಿನ ಮುಂದೆ ರೆಕಾರ್ಡರ್ ಇಡುವುದು. ಅಲ್ಲಿ ಸಿಗುವುದು ಭಾಗವತರ ದನಿಯಲ್ಲ, ಆ ಬಾಕ್ಸಿನ ದನಿ. ಅದಕ್ಕಿಂತ ಮಿಕ್ಸರಿನಿಂದಲೇ ತೆಗೆದುಕೊಳ್ಳುವುದು ಮೇಲು. ಆದರೆ ಮೈಕ್‌ಸೆಟ್ಟಿನವರು ರಾತ್ರಿಯಿಡೀ ದುಡಿಯುವವರು; ಆಟ ಶುರುವಾಗುವ ಹತ್ತು ನಿಮಿಷ ಮುಂಚೆ ವಯರು ಹಿಡಿದು ಹೋದರೆ ಯಾರು ತಾನೆ ಒಪ್ಪುತ್ತಾರೆ? ಚೌಕಿಯಲ್ಲಿ ಬಣ್ಣ ಹಚ್ಚಲು ಕೂರುವ ಹೊತ್ತಿಗೇ ಹೋಗಿ ಕೇಳಬೇಕು. ಮೇಳದವರ, ಭಾಗವತರ ಒಪ್ಪಿಗೆಯೂ ಆಗಲೇ ಆಗಿರಲಿ.

ಯಾವ ತೂತಿಗೆ ಚುಚ್ಚುವುದು? ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಟರ್ಮಿನಲ್ಲಿನಿಂದ ಎಂದೂ ಅಲ್ಲ. ಹಾರ್ನುಗಳಿಗೆ ಹೋಗುವ ಲೈನಿನಲ್ಲಿ 100 ವೋಲ್ಟ್ ಇರಬಹುದು, ರೆಕಾರ್ಡರ್ ಸುಡುತ್ತದೆ, ಕೈಗೂ ಹೊಡೆಯುತ್ತದೆ. ಬೇಕಾದದ್ದು ಲೈನ್ ಔಟ್ ಅಥವಾ ರೆಕ್ ಔಟ್. ದೊಡ್ಡ ಮಿಕ್ಸರಿನ ಲೈನ್ ಔಟಿನಲ್ಲಿ ಮೀಟರ್ ಶೂನ್ಯದಲ್ಲಿರುವಾಗ ಸುಮಾರು 1.23 ವೋಲ್ಟ್, ರೆಕಾರ್ಡರಿನ ಮೈಕ್ ಕಿಂಡಿ ಬಯಸುವುದು ಕೆಲವೇ ಮಿಲಿವೋಲ್ಟ್. ಲೈನ್-ಇನ್ ಇರುವ ರೆಕಾರ್ಡರ್ ಆದರೆ ಚಿಂತೆಯಿಲ್ಲ. ಇಲ್ಲದಿದ್ದರೆ ನಡುವೆ ಇಳಿಸುವ ವಯರು ಬೇಕು. ನಾನು ತಂದಿರುವ ಇದನ್ನು ಕೈಯಿಂದ ಕೈಗೆ ದಾಟಿಸಿ ನೋಡಿ. ಪಿನ್ನಿನ ಕವಚ ತಿರುಗಿಸಿದರೆ ಒಳಗೆ ಒಂದೊಂದು ಚಾನೆಲ್ಲಿಗೆ ಎರಡೆರಡು ರೆಸಿಸ್ಟರ್ ಕಾಣುತ್ತವೆ. ಕಂದು-ಕಪ್ಪು-ಕಿತ್ತಳೆ ಪಟ್ಟಿಯದು 10 ಕಿಲೋಓಮ್, ಕಂದು-ಕಪ್ಪು-ಕಂದು ಪಟ್ಟಿಯದು 100 ಓಮ್. ಮಿಕ್ಸರಿನಿಂದ ಬಂದ ತಂತಿ 10 ಕಿಲೋಓಮ್ ದಾಟಿ ಪಿನ್ನಿನ ತುದಿಗೆ ಸೇರುತ್ತದೆ. ಆ ಸೇರುವ ಜಾಗದಿಂದ ಗ್ರೌಂಡಿಗೆ 100 ಓಮ್. ಸಿಗ್ನಲ್ ನೂರರಲ್ಲೊಂದು ಪಾಲಾಗುತ್ತದೆ, ಅಂದರೆ 40 ಡೆಸಿಬಲ್ ಇಳಿಕೆ, 1.23 ವೋಲ್ಟ್ ಇದ್ದದ್ದು 12 ಮಿಲಿವೋಲ್ಟ್. ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಇವು ರೆಕಾರ್ಡರ್ ಕಡೆಯ ಪಿನ್ನಿನಲ್ಲೇ ಇರಬೇಕು. ಮಿಕ್ಸರ್ ಕಡೆಯೇ ಇಳಿಸಿದರೆ ಬಡಕಲಾದ ಸಿಗ್ನಲ್ ಉದ್ದ ವಯರಿನಲ್ಲಿ ಬರುತ್ತಾ ದಾರಿಯ ಗುಂಯ್‌ಗುಡುವಿಕೆಯನ್ನೆಲ್ಲ ಹೊತ್ತು ತರುತ್ತದೆ. ಜೋಡಿಸುವ ಮೊದಲು ರೆಕಾರ್ಡರಿನ ಮೆನುವಿನಲ್ಲಿ ಪ್ಲಗ್-ಇನ್ ಪವರ್, ದಪ್ಪ ಮೂರು ಪಿನ್ನಿನ ಕಿಂಡಿಯಾದರೆ 48 ವೋಲ್ಟ್ ಫ್ಯಾಂಟಮ್, ಅಂದರೆ ಮೈಕಿಗೆಂದು ರೆಕಾರ್ಡರ್ ಕಳಿಸುವ ಕರೆಂಟು, ಎರಡನ್ನೂ ಬಂದ್ ಮಾಡಿ.

ಇನ್ನೊಂದು ಮೋಸದ ತಪ್ಪು. ಮಿಕ್ಸರಿನ ಬ್ಯಾಲೆನ್ಸ್‌ಡ್ ಔಟಿಗೆ ಮಾಮೂಲಿ ಸ್ಟೀರಿಯೊ ವಯರು ಚುಚ್ಚುತ್ತೀರಿ. ಹೆಡ್‌ಫೋನಿನಲ್ಲಿ ಕೇಳಿದರೆ ಸರಿಯಾಗಿಯೇ ಇದೆ, ಸ್ವಲ್ಪ ತಲೆಯೊಳಗೆ ತೇಲಿದ ಹಾಗೆ, ಅಷ್ಟೇ. ಮನೆಗೆ ಬಂದು ವಾಟ್ಸಾಪಿನಲ್ಲಿ ಕಳಿಸಿದರೆ, ಒಂದೇ ಸ್ಪೀಕರಿನ ಫೋನಿನಲ್ಲಿ ಭಾಗವತರೇ ಮಾಯ! ಬ್ಯಾಲೆನ್ಸ್‌ಡ್ ಔಟಿನ ಎರಡು ತಂತಿಗಳಲ್ಲಿ ಒಂದೇ ಸಿಗ್ನಲ್ ನೇರಾ ಒಮ್ಮೆ, ತಲೆಕೆಳಗಾಗಿ ಒಮ್ಮೆ ಇರುತ್ತದೆ. ಎಡ-ಬಲ ಒಂದಾದ ಕೂಡಲೇ ಒಂದನ್ನೊಂದು ಅಳಿಸಿಹಾಕುತ್ತವೆ. ಫೈಲ್ ಕೆಟ್ಟಿಲ್ಲ, ಒಂದು ಚಾನೆಲ್ ತೆಗೆದುಹಾಕಿ, ಇನ್ನೊಂದನ್ನು ಮೋನೋ ಮಾಡಿದರೆ ಮುಗಿಯಿತು.

ಗುಂಯ್ ಎಂಬ ಸದ್ದು ಬಂದರೆ ಅದು 50 ಹರ್ಟ್ಸ್, ನಮ್ಮ ಕರೆಂಟಿನದೇ. ಮಿಕ್ಸರಿಗೆ ಒಂದು ಕಡೆ ಅರ್ತ್, ನಿಮ್ಮ ಲ್ಯಾಪ್‌ಟಾಪಿಗೋ ಕ್ಯಾಮೆರಾ ಚಾರ್ಜರಿಗೋ ಇನ್ನೊಂದು ಕಡೆ ಅರ್ತ್, ನಡುವೆ ನಿಮ್ಮ ವಯರು. ಆ ಸುತ್ತಿನಲ್ಲಿ ಕರೆಂಟು ಹರಿಯುತ್ತದೆ. ರೆಕಾರ್ಡರನ್ನು ಸೆಲ್ಲಿನ ಮೇಲೇ ಓಡಿಸಿ, ಬೇರೆ ಯಾವುದಕ್ಕೂ ಕಟ್ಟಬೇಡಿ, ಸುತ್ತೇ ಇರುವುದಿಲ್ಲ. ಕಟ್ಟಲೇಬೇಕಾದರೆ ನಡುವೆ 1:1 ಅನುಪಾತದ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ತ್ರೀಪಿನ್ನಿನ ಅರ್ತ್ ಕಾಲನ್ನು ಕತ್ತರಿಸುವ ಬುದ್ಧಿವಂತರಿದ್ದಾರೆ. ಮಂಜು ಬಿದ್ದ ಗದ್ದೆಯ ಮೇಲೆ ಬರಿಗಾಲಿನಲ್ಲಿ ನಿಂತು ಅದನ್ನು ಮಾಡುವುದು ಜೀವದ ಜೊತೆ ಆಟ. ಸೀರಿಯಲ್ ಲೈಟಿನ ವಯರುಗಳ ಜೊತೆ ನಿಮ್ಮ ವಯರನ್ನು ಸಮಾನಾಂತರ ಎಳೆಯಬೇಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ಮಿಕ್ಸರಿನದು ಸಿಕ್ಕಿತು, ಆದರೆ ಅಷ್ಟೇ ಸಾಲದು. ಯಾವುದಕ್ಕೆ ಮೈಕ್ ಇದೆಯೋ ಅದು ಮಾತ್ರ ಅಲ್ಲಿರುತ್ತದೆ. ಚಂಡೆ ದೂರದಲ್ಲೆಲ್ಲೋ, ಗೆಜ್ಜೆ ಇಲ್ಲ, ಜನರ ಸಿಳ್ಳೆ ಇಲ್ಲ, ಮೇಲೆ ಅವರು ಹಾಕಿದ ಎಕೋ. ಅದಕ್ಕೇ ಎರಡನೆಯದು, ಗಾಳಿಯ ಮೈಕು: ರಂಗದಿಂದ ಹತ್ತು-ಹದಿನೈದು ಅಡಿ ಮುಂದೆ, ಎಂಟು ಅಡಿ ಎತ್ತರದಲ್ಲಿ, ಎರಡೂ ಬಾಕ್ಸುಗಳ ನೇರ ದಾರಿಯಿಂದ ತಪ್ಪಿಸಿ. ರಂಗದ ಹಲಗೆಯ ಮೇಲೆ ಸ್ಟ್ಯಾಂಡ್ ಇಡಬೇಡಿ, ನೆಲದ ಮೇಲಿಡಿ. ಎರಡನ್ನೂ ಆಮೇಲೆ ಬೆರೆಸುವಾಗ ನೆನಪಿಡಿ, ಸದ್ದು ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಮೂವತ್ತು ಅಡಿಯಲ್ಲಿಟ್ಟ ಮೈಕು 27 ಮಿಲಿಸೆಕೆಂಡ್ ಹಿಂದಿರುತ್ತದೆ. ಚಂಡೆಯ ಒಂದು ಒಂಟಿ ಪೆಟ್ಟು ಹುಡುಕಿ, ಎರಡು ಅಲೆಗಳನ್ನೂ ಅದಕ್ಕೆ ಕೂಡಿಸಿ. ಎರಡು ಬೇರೆ ಬೇರೆ ರೆಕಾರ್ಡರ್ ಆದರೆ ಅವುಗಳ ಗಡಿಯಾರವೂ ಬೇರೆ: ಹತ್ತು ಲಕ್ಷಕ್ಕೆ 20 ಪಾಲು ವ್ಯತ್ಯಾಸವಿದ್ದರೂ ಒಂದು ಗಂಟೆಗೆ 72 ಮಿಲಿಸೆಕೆಂಡ್ ಜಾರುತ್ತದೆ. ಇಡೀ ರಾತ್ರಿಯ ಆಟದಲ್ಲಿ ಬೆಳಗಿನ ಜಾವದ ಪದ್ಯಕ್ಕೆ ಅರ್ಧ ಸೆಕೆಂಡ್! ಗಂಟೆಗೊಮ್ಮೆ ಹೊಸದಾಗಿ ಕೂಡಿಸಿಕೊಳ್ಳುವುದೇ ಸರಿ.

ಬಯಲಿನ ಬಾಧೆಗಳು ಬೇರೆ. ಗಾಳಿಗೆ ಸ್ಪಂಜಿನ ಟೋಪಿ ಸಾಲದು, ಅದು ಬಾಯಿಯ ಉಸಿರಿಗೆ ಮಾತ್ರ. ಕೂದಲಿನ ಕವಚ ಬೇಕು. ಆ ಕೂದಲಿನೊಳಗೆ ಹುಳ ಸೇರಿ ತೆವಳಿದರೆ ಬೆಂಕಿ ಚಿಟಿಚಿಟಿ ಎಂದ ಹಾಗೆ ಕೇಳುತ್ತದೆ, ಆದ್ದರಿಂದ ದೀಪದ ಕಂಬದ ಹತ್ತಿರ ನಿಲ್ಲಿಸಬೇಡಿ. ರಾತ್ರಿ ಎರಡು ಗಂಟೆಯ ಮೇಲೆ ಇಬ್ಬನಿ. ಕಂಡೆನ್ಸರ್ ಮೈಕಿಗೆ ತೇವ ತಾಗಿದರೆ ಟಪ್ ಟಪ್ ಎನ್ನಲು ಶುರುಮಾಡುತ್ತದೆ. ಮೇಲೆ ಅಡಿಕೆ ಹಾಳೆ ಕಟ್ಟುವವರಿದ್ದಾರೆ. ಒಳ್ಳೆಯ ಉಪಾಯವೇ, ಆದರೆ ಹಾಳೆ ಗಟ್ಟಿ, ಸದ್ದು ಅದಕ್ಕೆ ಬಡಿದು ಮತ್ತೆ ಮೈಕಿಗೆ ಬೀಳುತ್ತದೆ. ಹಾಳೆಯ ಒಳಮೈಗೆ ದಪ್ಪ ಟವೆಲ್ ಹೊಲಿದರೆ ಸರಿ.

ಫೋನು ರೆಕಾರ್ಡರಿನಿಂದ ಆರು ಅಡಿ ದೂರ, ಏರೋಪ್ಲೇನ್ ಮೋಡಿನಲ್ಲಿ. ಮಲೆನಾಡಿನ ಕಣಿವೆಯಲ್ಲಿ ಸಿಗ್ನಲ್ ಸಿಗದ ಫೋನು ಪೂರ್ತಿ ಶಕ್ತಿ ಹಾಕಿ ಕೂಗುತ್ತದೆ. 2ಜಿಗೆ ಇಳಿದರಂತೂ ಸೆಕೆಂಡಿಗೆ 217 ಸಲ ಮಿಡಿಯುವ ಆ ಟಿರ್ರ್ ಟಿರ್ರ್ ನೇರ ವಯರಿನೊಳಗೆ.

ಕಾರ್ಡಿನ ಲೆಕ್ಕ: 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೊ ಗಂಟೆಗೆ ಸುಮಾರು 1.04 ಜಿಬಿ. ಎಂಟು ಗಂಟೆಯ ಆಟಕ್ಕೆ 8.3 ಜಿಬಿ, ಕಾಲಮಿತಿಯದಕ್ಕೆ ಅದರ ಅರ್ಧವೂ ಬೇಡ. ವೇವ್ ಫೈಲ್ 4 ಜಿಬಿ ಮೀರುವಂತಿಲ್ಲ, ಹಾಗಾಗಿ ರೆಕಾರ್ಡರ್ ತಾನೇ ಹೊಸ ಫೈಲ್ ತೆರೆಯುತ್ತದೆ. ಕಾರ್ಡನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ. ರೀಚಾರ್ಜ್ ಸೆಲ್ ಹಾಕಿದರೆ ಮೆನುವಿನಲ್ಲೂ ಹಾಗೆಂದು ಹೇಳಿ, ಅದು 1.2 ವೋಲ್ಟಿನದು, 1.5ರದು ಎಂದುಕೊಂಡರೆ ತುಂಬಿದ ಸೆಲ್ಲನ್ನೇ ಖಾಲಿ ಎಂದು ತೋರಿಸುತ್ತದೆ.

ಕೊನೆಯದಾಗಿ, ಆಟಕ್ಕೆ ಮೊದಲು ಮೂವತ್ತು ಸೆಕೆಂಡ್ ಬರಿಯ ಸ್ಥಳದ ಸದ್ದು ಹಿಡಿಯಿರಿ. ಆಮೇಲೆ ಸಾಫ್ಟ್‌ವೇರಿಗೆ ತೆಗೆಯಬೇಕಾದದ್ದು ಇದು ಎಂದು ತೋರಿಸಲು ಅದು ಬೇಕು. 6 ಡೆಸಿಬಲ್ಲಿಗೆ ನಿಲ್ಲಿಸಿ. 20 ಇಳಿಸಿದರೆ ಭಾಗವತರು ನೀರಿನೊಳಗಿಂದ ಹಾಡುತ್ತಾರೆ.

ಪ್ರಶ್ನೆ: ಈಗ 32 ಬಿಟ್ ಫ್ಲೋಟ್ ರೆಕಾರ್ಡರ್ ಬಂದಿವೆ. ಗೇನ್ ನೋಡುವುದೇ ಬೇಡ ಎನ್ನುತ್ತಾರೆ, ಹೌದೇ?

ರೆಕಾರ್ಡರಿನೊಳಗೆ ಒಡೆಯುವುದು ಅದರಲ್ಲಿ ಬಹುತೇಕ ತಪ್ಪುತ್ತದೆ, ಅದು ನಿಜವಾದ ಅನುಕೂಲ. ಆದರೆ ಚಂಡೆಯ ಪಕ್ಕದಲ್ಲಿ ಮೈಕೇ ಒಡೆದರೆ, ಅಥವಾ ಮೈಕ್‌ಸೆಟ್ಟಿನ ಮಿಕ್ಸರಿನಲ್ಲೇ ಒಡೆದು ಬಂದರೆ ಅದೂ ಒಡಕನ್ನೇ ಚೊಕ್ಕವಾಗಿ ಬರೆದಿಡುತ್ತದೆ. ಫೈಲ್ ಗಂಟೆಗೆ 1.38 ಜಿಬಿ ಆಗುತ್ತದೆ.

ಪ್ರಶ್ನೆ: ಡೊಳ್ಳು ಕುಣಿತಕ್ಕೆ? ಅವರು ಒಂದು ಕಡೆ ನಿಲ್ಲುವುದೇ ಇಲ್ಲ.

ವೃತ್ತದ ಹೊರಗೆ ಇಪ್ಪತ್ತು ಅಡಿ, ಹತ್ತು ಅಡಿ ಎತ್ತರ, ಲೋ-ಕಟ್ ಇಲ್ಲದೆ. ಹತ್ತಿರ ಹೋದರೆ ನಿಮ್ಮ ಮುಂದೆ ಬಂದವರೊಬ್ಬರೇ ಕೇಳುತ್ತಾರೆ, ಉಳಿದವರು ಬರೀ ಧೂಳು. ಹೆಜ್ಜೆಯ ಅದುರು ನೆಲದಲ್ಲಿ ಬರುತ್ತದೆ, ಕಂಬಳಿ ಮರೆಯಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಮೈಕು ಮನೆಯಲ್ಲೇ ಬೂಸಲು ಹಿಡಿಯುತ್ತದೆ.

ಆಗುಂಬೆ, ಹೊಸನಗರದ ಕಡೆಯವರಿಗೆಲ್ಲ ಇದೇ ಗೋಳು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಬಟ್ಟೆಯ ಗಂಟಿನಲ್ಲಿ ನೂರು ಗ್ರಾಂ ಸಿಲಿಕಾ ಜೆಲ್. ಕಿತ್ತಳೆ ಹರಳು ಹಸಿರಾದರೆ ತೇವ ಕುಡಿದಿದೆ ಎಂದರ್ಥ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಬಣ್ಣ ಮರಳುವವರೆಗೆ ಹುರಿಯಿರಿ. ಅಡುಗೆಗೆ ಬಳಸದ ಬಾಣಲೆಯಾಗಲಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿ ಅದೇ ನೀರು ಮೈಕಿನ ಮೇಲೆ ತೊಟ್ಟಿಕ್ಕುತ್ತದೆ.